ಹಾಲು ಚೆಲ್ಲಿದ ಪಿಎಸ್ಐ

ನಿಪ್ಪಾಣಿಯಿಂದ ಕಾಗವಾಡದ ತನಕ ಹುಡುಕಿದರೂ ನನ್ನ ಗಂಡನಂಥ ಪಿಎಸ್ಐ ನಿಮಗೆ ಸಿಗುವುದಿಲ್ಲ. ಹೊಟ್ಟೆ ಇದೆ, ಮೀಸೆ ಇದೆ, ತಗಡಿನ ಮನೆ ನಡುಗಿಸುವ ದನಿ ಇದೆ, ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬೈಗುಳ ಇದೆ. ಇಲ್ಲದ್ದು ನೌಕರಿ ಒಂದು, ಬುದ್ಧಿ ಒಂದು. ನೌಕರಿ ಇಲ್ಲದಿದ್ದರೂ ನಡೆದೀತು. ಬುದ್ಧಿ ಇಲ್ಲದವನ ಜೊತೆ ಬಾಳುವುದು ನನ್ನ ಹಣೆಬರಹ.

ನಾವು ಬಹುರೂಪಿಗಳು. ಹಾಡಹಗಲೇ ವೇಷ ಹಾಕಿಕೊಂಡು ಮನೆ ಮುಂದೆ, ಅಂಗಡಿ ಮುಂದೆ ಹೋಗಿ ನಿಂತು, ಜನರನ್ನು ಮೊದಲು ಅಂಜಿಸಿ, ಆಮೇಲೆ ನಗಿಸಿ, ಕೊಟ್ಟದ್ದನ್ನು ಇಸಿದುಕೊಂಡು ಮುಂದಿನ ಊರಿಗೆ ಹೋಗುವವರು. ನನ್ನ ಹೆಸರು ರುಕ್ಮವ್ವ. ಗಂಡ ಜ್ಞಾನದೇವ. ಹೆಸರಿಟ್ಟವರು ಅವಸರ ಮಾಡಿದರು, ಇನ್ನೊಂದಿಷ್ಟು ವರ್ಷ ತಡೆದು ನೋಡಬೇಕಿತ್ತು. ಮಗಳು ಉಜ್ವಲಾ ನಮ್ಮ ಟಂಟಂ ಓಡಿಸುತ್ತಾಳೆ. ಮೂರು ಗಾಲಿಯ ಆ ಗಾಡಿಯೇ ನಮ್ಮ ಮನೆ, ಅಡುಗೆಮನೆ, ಬಣ್ಣ ಬಳಿದುಕೊಳ್ಳುವ ಕೋಣೆ. ಮೊದಲು ಗಂಡನೇ ಓಡಿಸುತ್ತಿದ್ದ. ಪಿಎಸ್ಐ ವೇಷದಲ್ಲಿ ಹ್ಯಾಂಡಲ್ ಹಿಡಿದರೆ ಎದುರಿನ ಲಾರಿಗಳೆಲ್ಲ ತನಗೆ ದಾರಿ ಬಿಡಬೇಕೆಂದು ಅವನ ತಿಳುವಳಿಕೆ. ಲಾರಿಗಳಿಗೆ ಆ ಸಂಗತಿ ಯಾರೂ ಹೇಳಿರಲಿಲ್ಲ. ರಾಯಬಾಗದ ಹತ್ತಿರ ಒಬ್ಬರ ಕಬ್ಬಿನ ಹೊಲಕ್ಕೆ ನುಗ್ಗಿಸಿದ ಮೇಲೆ ಮಗಳು ಚಾವಿ ಕಸಿದುಕೊಂಡಳು.

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ತಿರುಗಾಟವೂ ಶುರು. ನಿಪ್ಪಾಣಿ, ಅಕ್ಕೋಳ, ಚಿಕ್ಕೋಡಿ, ರಾಯಬಾಗ, ಅಥಣಿ, ಕೊನೆಗೆ ಕಾಗವಾಡ. ಒಂದೊಂದು ಊರಿನದು ಒಂದೊಂದು ತರಹದ ಜಿಪುಣತನ. ನಿಪ್ಪಾಣಿಯ ತಂಬಾಕಿನ ಸಾವುಕಾರರಿಗೆ ಜೇಬಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಕೆಮ್ಮು ಬರುತ್ತದೆ. ಚಿಕ್ಕೋಡಿಯವರು 'ನಮ್ಮೂರು ಜಿಲ್ಲಾ ಆಗಲಿ, ಆಮ್ಯಾಲ ಬರ್ರಿ' ಅನ್ನುತ್ತಾರೆ. ರಾಯಬಾಗದಲ್ಲಿ ಫೋನು ಎತ್ತಿ ಹಿಡಿದು ನಮ್ಮ ಆಟವನ್ನು ಪೂರಾ ತುಂಬಿಕೊಳ್ಳುತ್ತಾರೆ, ಕೊಡುವ ಹೊತ್ತಿಗೆ ಬ್ಯಾಟರಿ ಮುಗಿಯುತ್ತದೆ. ಅಥಣಿಯ ದ್ರಾಕ್ಷಿ ತೋಟದವರು ದ್ರಾಕ್ಷಿಯನ್ನೇ ಕೊಡುತ್ತಾರೆ, ಪೇಟೆಗೆ ಹೋಗಲಾರದ್ದನ್ನು.

ಈಗೀಗ ಊರಿಗೆ ಹೊಸ ಮುಖ ಬಂದರೆ ಸಾಕು, ಮಕ್ಕಳ ಕಳ್ಳರು ಎಂದು ಫೋನಿನಿಂದ ಫೋನಿಗೆ ಫೋಟೋ ಓಡುತ್ತದೆ. ಅದಕ್ಕೆ ನಾವು ಮೊದಲು ಠಾಣೆಗೆ ಹೋಗಿ ಆಧಾರ್ ಕಾರ್ಡು ತೋರಿಸಿ, "ಸಾಹೇಬ್ರ, ನಾಳಿ ನಿಮ್ಮ ವೇಷಾ ಹಾಕೋರದೀವಿ" ಎಂದು ಹೇಳಿ ಬರುತ್ತೇವೆ. ಅವರು ನಕ್ಕು ಹೂಂ ಅನ್ನುತ್ತಾರೆ. ನಮ್ಮ ಖಾಕಿಯಲ್ಲಿ ಬೇಕೆಂದೇ ಒಂದು ತಪ್ಪು ಇಟ್ಟಿರುತ್ತೇವೆ. ಬೆಲ್ಟಿನ ಬಿಲ್ಲೆಯ ಮೇಲೆ ಗಣಪತಿ ಇರುತ್ತಾನೆ. ಕಣ್ಣಿದ್ದವರಿಗೆ ಅಷ್ಟು ಸಾಕು.

ಇದಕ್ಕಿಂತ ದೊಡ್ಡ ನೇಮ ಇನ್ನೊಂದಿದೆ. ಅದಕ್ಕೆ ನಾವು ಖೂನ ಕೊಡುವುದು ಅನ್ನುತ್ತೇವೆ. ಖೂನವೆಂದರೆ ಗುರುತು. ಎಷ್ಟೇ ಅಂಜಿಸು, ಎಷ್ಟೇ ಅಬ್ಬರಿಸು, ಆ ಅಂಗಳ ಬಿಡುವ ಮೊದಲು ಟೊಪ್ಪಿಗೆ ತೆಗೆದು, ಅಂಗಾತ ಹಿಡಿದು, ಹೇಳಬೇಕು: "ಅಂಜಿದವ್ರು ನಗ್ರಿ, ನಕ್ಕವ್ರು ನೀಡ್ರಿ, ಬಂದಾಂವ ಬಹುರೂಪಿ, ಮನಿ ತಂಪಿರಲಿ!" ಟೊಪ್ಪಿಗೆಯಲ್ಲಿ ಏನು ಬಿದ್ದರೂ, ಕಲ್ಲೇ ಬಿದ್ದರೂ, "ಮನಿ ತಂಪಿರಲಿ" ಎಂದು ಮತ್ತೊಮ್ಮೆ ಹರಸಿಯೇ ಹೊರಡಬೇಕು. ಖೂನ ಕೊಡದೆ ಅಂಗಳ ದಾಟಿದವನು ಬಹುರೂಪಿಯಲ್ಲ, ಕಳ್ಳ. ನನ್ನ ಮಾವ ಸಾಯುವ ತನಕ ಇದನ್ನೇ ಹೇಳಿದ. ಅವನೂ ಅಂಥ ಶ್ಯಾಣ್ಯಾ ಏನಲ್ಲ, ಆದರೆ ಇದೊಂದು ಮಾತು ಸರಿ ಇತ್ತು.

ಕಾಗವಾಡದ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವ ಒಂದು ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವಲ್ಲಿ, ಸತ್ತೆವ್ವ ಚಹಾದ ಅಂಗಡಿ ಇಟ್ಟಿದ್ದಾಳೆ. ಅಂಗಡಿಯೆಂದರೆ ನಾಲ್ಕು ಗೂಟ, ಮೇಲೆ ಹೊದಿಸಿದ ಒಂದು ತಾಡಪತ್ರಿ, ಒಂದು ಒಲೆ, ಎರಡು ಬೆಂಚು. ಗಂಡ ಸತ್ತ ಮೇಲೆ ಅವಳ ಹೊಟ್ಟೆಗೂ ನೆಲೆಗೂ ಅದೊಂದೇ. ಮುದುಕಿಯ ಬಾಯಿ ಹರಿತ, ಕೈ ಧಾರಾಳ. ವರ್ಷ ವರ್ಷವೂ ನಮ್ಮ ಟಂಟಂ ಅವಳ ಅಂಗಡಿ ಹಿಂದೆಯೇ ನಿಲ್ಲುತ್ತದೆ. ನೀರು ಅವಳದು, ಒಲೆ ಅವಳದು, ಬೈಗುಳವೂ ಅವಳದೇ.

ನನ್ನ ಗಂಡನಿಗೆ ಅವಳ ಮೇಲೆ ಒಂದೇ ಸಿಟ್ಟು. ಅವಳು ಒಮ್ಮೆಯೂ ಅಂಜಿದವಳಲ್ಲ. ಪಿಎಸ್ಐ ಆಗಿ ಹೋದ, ಕರೆಂಟಿನ ಸಾಹೇಬನಾಗಿ ಹೋದ, ಗಡ್ಡ ಹಚ್ಚಿಕೊಂಡು ಸ್ವಾಮಿಯಾಗಿ ಹೋದ, ಒಂದು ವರ್ಷ ಸೀರೆ ಉಟ್ಟು, ಮೀಸೆ ಮುಚ್ಚಲು ಮಾಸ್ಕ್ ಕಟ್ಟಿ ನರ್ಸಮ್ಮನಾಗಿಯೂ ಹೋದ. ಬಂದು ನಿಂತು ನಾಲ್ಕು ಮಾತು ಒದರುವುದರೊಳಗೆ ಅವಳು, "ಬಾ ಜ್ಞಾನ್ಯಾ, ಗಂಟಲಾ ಒಣಗಿರತೈತಿ, ಚಹಾ ಕುಡಿ" ಅನ್ನುತ್ತಿದ್ದಳು. ಹೆಂಗ ಖೂನ ಹಿಡೀತಿ ಎಂದು ಎಷ್ಟು ಗೋಗರೆದರೂ ಹೇಳಲಿಲ್ಲ. ಊರೆಲ್ಲ ನಡುಗಿಸಿದವನು ಅವಳ ಮುಂದೆ ಬಸಿ ಹಿಡಿದು ಚಹಾ ಸುರ್ರೆಂದು ಹೀರುತ್ತಾ ಕೂಡುತ್ತಿದ್ದ, ಮುಖ ಮಾತ್ರ ಬೇವಿನಕಾಯಿ. ನನಗೆ ಅದನ್ನು ನೋಡುವುದೇ ವರ್ಷದ ದೊಡ್ಡ ಮನರಂಜನೆ.

ಈ ಸಲ ನಾವು ಬರುವಷ್ಟರಲ್ಲಿ ಆ ಅಂಗಡಿಯ ಹಿಂದಿನ ಹೊಲದಲ್ಲಿ ಒಂದು ಮಂಗಲ ಕಾರ್ಯಾಲಯ ಎದ್ದಿತ್ತು. ಲಗ್ನ ಮಾಡುವ ಛತ್ರ, ರಸ್ತೆಯ ಅಂಚಿಗೆ ದೊಡ್ಡದೊಂದು ಕಮಾನು. ಕಟ್ಟಿದವನು ವಿಕ್ರಾಂತ. ಎಲ್ಲರೂ ದಾದಾ ಅನ್ನುತ್ತಾರೆ. ನಾಕಾದ ತುಂಬ ಅವನದೇ ಬ್ಯಾನರು, ಕಪ್ಪು ಕನ್ನಡಕ, ಕೈ ಮುಗಿದ ಭಂಗಿ, ಹುಟ್ಟುಹಬ್ಬಕ್ಕೆ ತನಗೆ ತಾನೇ ಶುಭ ಕೋರಿಕೊಂಡದ್ದು. ಅವರಪ್ಪ ವಿರುಪಾಕ್ಷಪ್ಪ ಇದ್ದಾಗ ನಮ್ಮ ಟೊಪ್ಪಿಗೆಗೆ ಮೊರದಿಂದ ಜೋಳ ಸುರಿಯುತ್ತಿದ್ದ. ಒಳ್ಳೆಯವನು ಅಂತಲ್ಲ. ನಾಲ್ಕು ಜನ ನೋಡಬೇಕಲ್ಲ ಅಂತ. ಮಗನಿಗೆ ನಾಲ್ಕು ಜನ ಸಾಲದು, ಅದಕ್ಕೇ ಬ್ಯಾನರು.

ಅವನ ಮನೆ ಮುಂದೆ ಪಿಎಸ್ಐ ಆಟ ಮುಗಿಸಿ ಖೂನ ಕೊಟ್ಟು ನಿಂತಿದ್ದೆವು. ವಿಕ್ರಾಂತ ಫೋನಿನಿಂದ ತಲೆ ಎತ್ತಿದ.

"ಏ ಬಹುರೂಪಿ, ಬರೋಬ್ಬರಿ ಸಾಹೇಬ ಕಾಣ್ತೀಯಲೇ. ನಿನ್ನಂಥ ಕಲಾವಂತ ಹಿಂಗ ಬೀದಿ ಬೀದಿ ತಿರಗಬಾರದು."

ಕಲಾವಂತ! ನನ್ನ ಗಂಡ ಹಿಂಡಿ ಕಂಡ ಎಮ್ಮೆಯ ಹಾಗೆ ಕತ್ತು ಮುಂದೆ ಚಾಚಿದ.

"ಒಂದ ಖಾಸ ಕೆಲಸಾ ಐತಿ," ಎಂದ ವಿಕ್ರಾಂತ. "ನಾಕಾದಾಗ ಆ ಮುದಕಿ ಚಹಾದಂಗಡಿ ಐತೆಲ್ಲ, ನನ್ನ ಕಮಾನಿಗೆ ಬರೋಬ್ಬರಿ ಅಡ್ಡ ಆಗೇತಿ. ಎಷ್ಟ ಹೇಳಿದ್ರೂ ಏಳವಲ್ಲಳು. ನೀ ಪಿಎಸ್ಐ ಆಗಿ ಹೋಗಿ ಜೋರ ಅಂಜಸು. ಆಕಿ ಸಾಮಾನ ಹೊರಗ ಇಟ್ಟಳಂದ್ರ ಸಾಕು. ಜೆಸಿಬಿ ನಿಂತಿರತೈತಿ. ಒಮ್ಮೆ ಬಿತ್ತಂದ್ರ ತಿರುಗಿ ಯಾರ ಕಟ್ಟಿ ಕೊಡ್ತಾರ?"

ನಾನು ಸುಮ್ಮನಿರಲಿಲ್ಲ. "ಖರೇ ಪೊಲೀಸರನ್ನ ಕರೀರಲಾ ದಾದಾ. ನಾವ್ಯಾಕ ಬೇಕು?"

ಕೋಳಿ ಮಾತಾಡಿದ್ದನ್ನು ಕಂಡವನ ಹಾಗೆ ನನ್ನನ್ನು ನೋಡಿದ. "ಖರೇದವರು ಬಂದ್ರ ಟೇಪ ಹಿಡದು ಅಳೀತಾರ. ನನ್ನ ಕಮಾನೂ ರಸ್ತಾದ ಮ್ಯಾಲ ಬಂದೈತಿ." ಅದನ್ನು ನಾಚಿಕೆಯಿಂದ ಹೇಳಲಿಲ್ಲ, ನಮ್ಮಂಥವರ ಮುಂದೆ ನಾಚಿಕೆ ಯಾಕೆ ಎಂಬ ಹಾಗೆ ಹೇಳಿದ. ಆಮೇಲೆ ನನ್ನ ಗಂಡನ ಕಡೆ ತಿರುಗಿದ. "ಕಾರ್ಯಾಲಯದ ಉದ್ಘಾಟನಾಕ್ಕ ಸ್ಟೇಜ್ ಮ್ಯಾಲ ನಿನಗ ಶಾಲು. ಬ್ಯಾನರ್ ಮ್ಯಾಲ ನಿನ್ನ ಫೋಟೋ, ನನ್ನ ಬಾಜೂಕ."

ಫೋಟೋ ಅಂದದ್ದೇ ತಡ, ಇವನು ಸೆಲ್ಯೂಟ್ ಹೊಡೆದ.

ಟಂಟಂ ಹತ್ತಿದ ಮೇಲೆ ನಾನು ಬಾಯಿ ಬಿಟ್ಟೆ. "ಥೂ ನಿಮ್ಮ. ಆಕಿ ನೀರ ಕುಡದು, ಆಕಿ ಒಲಿ ಮ್ಯಾಲ ರೊಟ್ಟಿ ಬಡದು, ಆಕಿ ಗೂಟಾ ಕೀಳಾಕ ಹೊಂಟೀರಲಾ. ಉಂಡ ಮನಿ ಜಂತಿ ಎಣಸೂದಂದ್ರ ಇದ. ನಾಚಿಕಿ ಆಗಬೇಕ್ರಿ."

"ಏ, ನಿನಗ ತಿಳಿಯೂದಿಲ್ಲ ಸುಮ್ಮನಿರ ಬೇ. ಎಷ್ಟ ವರ್ಷಾತು, ಆ ಮುದಕಿ ಒಮ್ಮೇನೂ ನನಗ ಅಂಜಿಲ್ಲ. ಒಮ್ಮೆ ಆಕಿ ಕೈ ನಡಗೂದು ನೋಡಬೇಕು, ಅಷ್ಟ. ಆಮ್ಯಾಲ ಖೂನ ಕೊಡ್ತೀನಿ, ಆಕಿನೂ ನಗತಾಳ, ಚಹಾ ಕೊಡ್ತಾಳ. ದಾದಾಗ ಕೆಲಸಾ ಆಗಲಿಲ್ಲ ಅಂದ್ರಾತು."

"ಅಪ್ಪಾ, ನಿನಗ ಬ್ಯಾನರಿನ ಹುಚ್ಚ ಹತ್ತೇತಿ," ಎಂದಳು ಉಜ್ವಲಾ, ರಸ್ತೆಯಿಂದ ಕಣ್ಣು ತೆಗೆಯದೆ. "ನೀ ಖೂನ ಕೊಡಲಿಲ್ಲಂದ್ರ ನಾ ಗಾಡಿ ತಗೊಂಡು ಸೋದರಮಾವನ ಊರಿಗೆ ಹೋಗಾಕಿ. ನೀ ನಿನ್ನ ಪಿಎಸ್ಐ ಜೀಪಿನಾಗ ತಿರಗು."

"ನಮ್ಮಪ್ಪನ ಆಣಿ," ಎಂದು ಅವನು ಗಂಟಲು ಮುಟ್ಟಿಕೊಂಡ. ಸತ್ತವರ ಮೇಲೆ ಆಣೆ ಇಡುವುದು ಸುಲಭ, ಅವರು ಎದ್ದು ಬಂದು ಕೇಳುವುದಿಲ್ಲ. ನಾನು ಅವನ ಮಾತು ನಂಬಲಿಲ್ಲ. ಆದರೆ ನಾನು ಬರುವುದಿಲ್ಲ ಅಂದರೆ ವಿಕ್ರಾಂತನ ಹಿಂಬಾಲಕರಲ್ಲೊಬ್ಬ ಕಾನ್‌ಸ್ಟೇಬಲ್ ಆಗುತ್ತಾನೆ, ಆಗ ಮುದುಕಿಯ ಗತಿ ಮುಗಿಯಿತು. ಇವನು ಖೂನ ಕೊಡದಿದ್ದರೆ ನಾನೇ ಕೊಡುತ್ತೇನೆ ಎಂದುಕೊಂಡು ಹೊರಟೆ. ಸತ್ತೆವ್ವನಿಗೆ ಮೊದಲೇ ಹೇಳಿಬಿಡೋಣವೆಂದರೆ ಅವಳ ಹತ್ತಿರ ಫೋನಿಲ್ಲ. ವಿಕ್ರಾಂತ ನಮ್ಮನ್ನು ಆ ರಾತ್ರಿ ತನ್ನ ಹೊಲದ ಮನೆಯಲ್ಲೇ ಇಳಿಸಿಕೊಂಡು ಗೇಟು ಹಾಕಿಸಿದ್ದ. ಕಲಾವಂತರಿಗೆ ವಿಶ್ರಾಂತಿ ಬೇಕಂತೆ.

ಮುಂಜಾನೆ ಹೊಸ ಖಾಕಿ ಬಂತು. ಇಸ್ತ್ರಿ ಮಾಡಿದ್ದು, ಭುಜದ ಮೇಲೆ ಪೂರಾ ನಕ್ಷತ್ರ, ಬೆಲ್ಟಿನಲ್ಲಿ ಗಣಪತಿ ಇಲ್ಲ. ಒಂದೂ ತಪ್ಪಿಲ್ಲದ ಖಾಕಿ. ನನ್ನ ಗಂಡ ತನ್ನ ಪ್ರಾಣಕ್ಕಿಂತ ಹೆಚ್ಚಿನ ಮೀಸೆಯನ್ನು ಬೋಳಿಸಿಕೊಂಡು ಬಂದ. ನಮ್ಮ ಲಗ್ನಕ್ಕೆ ಮೀಸೆ ತೆಗಿ ಅಂದರೆ ತೆಗೆಯದಿದ್ದವನು, ಒಬ್ಬ ಮುದುಕಿಯನ್ನು ಅಂಜಿಸುವುದಕ್ಕೆ ತೆಗೆದ. ನಾನು ಕಾನ್‌ಸ್ಟೇಬಲ್ ಬಟ್ಟೆ ತೊಟ್ಟು, ಟೊಪ್ಪಿಗೆ ಕೆಳಗೆಳೆದು, ಮುಖಕ್ಕೆ ಮಾಸ್ಕ್ ಕಟ್ಟಿದೆ. ಉಜ್ವಲಾಳಿಗೆ ಟಂಟಂ ಹಿಂದೆಯೇ ತರಲು ಹೇಳಿದೆ.

ವಿಕ್ರಾಂತ ತನ್ನ ಬಿಳಿ ಗಾಡಿಯಲ್ಲೇ ನಮ್ಮನ್ನು ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಹೇಳಿದ, "ಕಡೀಕ ಟೊಪ್ಪಿಗಿ ತಗದು ಒಂದ ಪದಾ ಹೇಳ್ತೀಯಲಾ, ಅದು ಇವತ್ತ ಬ್ಯಾಡ. ಬೈಯೂದು, ತಿರುಗಿ ಗಾಡಿ ಹತ್ತೂದು. ಆ ಪದಾ ಬಾಯಾಗ ಬಂತಂದ್ರ ಬ್ಯಾನರೂ ಇಲ್ಲ, ಈ ಭಾಗದಾಗ ನಿನಗ ಕಾಲಿಡಾಕ ಊರೂ ಇಲ್ಲ."

ನಾನು ಗಂಡನ ಮುಖ ನೋಡಿದೆ. ಅವನು ಕಿಟಕಿಯ ಹೊರಗೆ ಕಬ್ಬು ನೋಡಿದ. ಹುಟ್ಟಿದಾಗಿನಿಂದ ಕಬ್ಬು ಕಾಣದವನ ಹಾಗೆ ನೋಡಿದ.

"ಆಗಲಿ ದಾದಾ," ಎಂದ. ಅಪ್ಪನ ಆಣೆ ಒಂದು ರಾತ್ರಿ ಬಾಳಿತು.

ನಾಕಾದಲ್ಲಿ ಟ್ರ್ಯಾಕ್ಟರುಗಳು ನಿಂತಿದ್ದವು. ಎರಡೂ ಬೆಂಚಿನ ತುಂಬ ಡ್ರೈವರುಗಳು. ಕಾರ್ಯಾಲಯದ ಬಾಗಿಲಲ್ಲಿ ಹಳದಿ ಜೆಸಿಬಿ ಬಾಯಿ ತೆರೆದು ಕಾಯುತ್ತಿತ್ತು. ಒಲೆಯ ಮೇಲೆ ಹಾಲಿನ ದೊಡ್ಡ ಬೋಗೋಣಿ, ಆಗಷ್ಟೇ ಕೆನೆ ಕಟ್ಟುತ್ತಿತ್ತು. ವಿಕ್ರಾಂತ ಕರಿ ಗಾಜು ಏರಿಸಿಕೊಂಡು ಗಾಡಿಯಲ್ಲೇ ಕುಳಿತ.

ನನ್ನ ಗಂಡ ಇಳಿದ. ಹೊಗಳಬಾರದು, ಆದರೂ ಇದ್ದದ್ದು ಹೇಳಬೇಕಲ್ಲ. ಅವನು ಒದರಲೇ ಇಲ್ಲ. ದಿನಾ ಊರು ಹಾರಿ ಬೀಳುವಂತೆ ಕೂಗುವವನು ಅಂದು ತಗ್ಗಿದ ದನಿಯಲ್ಲಿ ಕೇಳಿದ, "ಯಾರದಿದು?" ಅಷ್ಟೇ. ಡ್ರೈವರುಗಳು ಬೆಂಚಿನಿಂದ ಎದ್ದು ನಿಂತರು. ಟನ್ನುಗಟ್ಟಲೆ ಕಬ್ಬು ಎಳೆಯುವ ಗಂಡಸರು, ಖಾಕಿ ಕಂಡ ಕೂಡಲೇ ಗ್ಲಾಸು ಕೆಳಗಿಟ್ಟು ಕಾಲ್ಬೆರಳು ಎಣಿಸತೊಡಗಿದರು.

ಸತ್ತೆವ್ವ ಗ್ಲಾಸು ಒರೆಸುತ್ತಾ ಕಣ್ಣು ಸಣ್ಣ ಮಾಡಿ ನೋಡಿದಳು. ಅವಳ ತುಟಿಯ ತುದಿ ಸ್ವಲ್ಪ ಮೇಲೇಳುವುದು ಕಂಡಿತು. ಇನ್ನೇನು 'ಬಾ ಜ್ಞಾನ್ಯಾ' ಅನ್ನುತ್ತಾಳೆ ಎಂದು ನನ್ನ ಜೀವ ತಣ್ಣಗಾಯಿತು. ಅವನಿಗೂ ಅದು ಕಂಡಿರಬೇಕು.

ಲಾಠಿ ಬೀಸಿದ. ಬೋಗೋಣಿ ಒಲೆಯಿಂದ ಹಾರಿ ಬಿತ್ತು. ಹಾಲೆಲ್ಲ ಕೆಂಡದ ಮೇಲೆ ಚುರ್ರೆಂದು, ಅಲ್ಲಿಂದ ಮಣ್ಣಿಗೆ ಹರಿದು, ಬೆಂಚಿನ ಕೆಳಗೆ ಹೋಯಿತು.

ಸತ್ತೆವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಗ್ಲಾಸು ಕೈಯಲ್ಲಿ ನಿಲ್ಲಲಿಲ್ಲ.

"ರಸ್ತಾ ಅಂದ್ರ ನಿಮ್ಮಪ್ಪನ ಆಸ್ತಿ ಅಲ್ಲ. ಈಗಿಂದೀಗ ಖಾಲಿ ಮಾಡು. ನಾ ಎರಡನೇ ಸಲಾ ಹೇಳಾಂವಲ್ಲ," ಎಂದ ನನ್ನ ಗಂಡ.

"ತಪ್ಪಾತ್ರಿ ಸಾಹೇಬ್ರ," ಎಂದಳು ಸತ್ತೆವ್ವ. ಅವಳ ಬಾಯಿಂದ ಆ ಮಾತು! ಊರ ಗೌಡನಿಗೂ 'ಏನ್ಲೇ' ಅನ್ನುವ ಬಾಯಿ. "ತಗೀತೀನ್ರಿ. ಬಡೀಬ್ಯಾಡ್ರಿ." ಕೈ ಮುಗಿದಳು. ಕೈ ನಡುಗುತ್ತಿತ್ತು. ತಿರುಗಿ ಗೂಟಕ್ಕೆ ಕಟ್ಟಿದ್ದ ಯಡೂರು ವೀರಭದ್ರನ ಫೋಟೋ ಮೊದಲು ಇಳಿಸಿ ಸೆರಗಿನಲ್ಲಿ ಸುತ್ತಿದಳು. ಆಮೇಲೆ ಬಿಸ್ಕೀಟಿನ ಡಬ್ಬಿ, ಸಕ್ಕರೆ ಡಬ್ಬಿ, ಚಹಾ ಸೋಸುವ ಅರಿವೆ. ಒಂದೊಂದನ್ನೂ ರಸ್ತೆಯ ಬದಿಗೆ ತಂದಿಟ್ಟಳು. ಹಿಂದಿನಿಂದ ಜೆಸಿಬಿ ಗುರ್ ಅಂದು ಚಾಲೂ ಆಯಿತು.

ನನ್ನ ಗಂಡ ಆ ನಡುಗುವ ಕೈಗಳನ್ನೇ ನೋಡುತ್ತಾ ನಿಂತಿದ್ದ. ಆ ಮುಖ ನನಗೆ ಗೊತ್ತು. ಆಟ ಗೆದ್ದಾಗಿನ ಮುಖ. ಪಾಪಪ್ರಜ್ಞೆ ಎಂಬುದು ಅದರಲ್ಲಿ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ನನಗೆ ಅವನನ್ನು ಅಲ್ಲೇ ಲಾಠಿಯಿಂದ ಬಾರಿಸಬೇಕು ಅನ್ನಿಸಿತು. ಅವನು ತಿರುಗಿ ಗಾಡಿಯ ಕಡೆ ಹೆಜ್ಜೆ ಹಾಕಿದ.

ನಾನೇ ಟೊಪ್ಪಿಗೆ ತೆಗೆಯಲು ಕೈ ಎತ್ತಿದೆ. ಆಗ ಒಂದು ಯೋಚನೆ ಬಂತು. ನಾನು ಹೇಳಿದರೆ ವಿಕ್ರಾಂತ ಇಳಿದು ಬಂದು, 'ಈ ಹೆಂಗಸಿಗೆ ಹುಚ್ಚು' ಅನ್ನುತ್ತಾನೆ, ಇವನು ಆ ಖಾಕಿಯಲ್ಲಿ ನಿಂತು ಹೌದು ಅನ್ನುತ್ತಾನೆ. ಇವನೇ ಹೇಳಬೇಕು. ಇವನ ಮನಸ್ಸಿಗೆ ಮಾತು ಮುಟ್ಟಿಸಿ ಉಪಯೋಗವಿಲ್ಲ, ಅಲ್ಲಿ ಯಾರೂ ಇರುವುದಿಲ್ಲ. ಮುಟ್ಟಿಸಬೇಕಾದ ಜಾಗ ಬೇರೆ. ಹತ್ತಿರ ಹೋಗಿ ಸೆಲ್ಯೂಟ್ ಹೊಡೆದು, ಮಾಸ್ಕಿನೊಳಗಿಂದಲೇ ಮೆಲ್ಲಗೆ ಅಂದೆ:

"ಗೆದ್ರಿ ನೋಡ್ರಿ. ಇಂಥಾ ಪಾರ್ಟ ಯಾರೂ ಮಾಡಿಲ್ಲ. ಆದ್ರ ಯಾರ ಮಾಡಿದ್ರು ಅಂತ ಆಕಿಗೆ ಎಂದೂ ತಿಳಿಯೂದಿಲ್ಲ ಬಿಡ್ರಿ. ಯಾವನೋ ಬೆಳಗಾವಿ ಸಾಹೇಬ ಬಂದಿದ್ದ ಅಂತ ಹೇಳಕೋತ ಸಾಯ್ತಾಳ. ಜ್ಞಾನ್ಯಾ? ಜ್ಞಾನ್ಯಾನ ಆಟ ಏನೈತಿ ತಗೀ, ಬಂದ ಕೂಡ್ಲೇ ಖೂನ ಹಿಡೀತಿದ್ದೆ, ಅಂತಾಳ."

ಹೆಜ್ಜೆ ನಿಂತಿತು.

ಗಾಡಿಯಿಂದ ವಿಕ್ರಾಂತ ಹಾರ್ನ್ ಹೊಡೆದ. ನನ್ನ ಗಂಡ ಗಾಡಿ ನೋಡಿದ, ಬ್ಯಾನರ್ ನೋಡಿದ, ಮುದುಕಿಯನ್ನು ನೋಡಿದ. ಇನ್ನೊಂದು ಹಾರ್ನ್ ಬೀಳುವಷ್ಟರಲ್ಲಿ ಹೊರಳಿ ಒಲೆಯ ಮುಂದೆ ಹೋಗಿ ನಿಂತಿದ್ದ. ಟೊಪ್ಪಿಗೆ ತೆಗೆದ, ಅಂಗಾತ ಹಿಡಿದ.

"ಅಂಜಿದವ್ರು ನಗ್ರಿ, ನಕ್ಕವ್ರು ನೀಡ್ರಿ," ಎಂದ, ತನ್ನ ಸ್ವಂತ ದನಿಯಲ್ಲಿ, ನಾಕಾ ಪೂರಾ ಕೇಳುವ ಹಾಗೆ. "ಬಂದಾಂವ ಬಹುರೂಪಿ, ಮನಿ ತಂಪಿರಲಿ! ಯಕ್ಕಾ, ನಾನ ಬೇ. ಜ್ಞಾನ್ಯಾ!"

ಒಬ್ಬ ಡ್ರೈವರ್ ಹೋ ಎಂದು ನಕ್ಕ. "ಲೇ, ಬಹುರೂಪಿ ಅದಾನಲೇ! ಮೀಸಿ ತಗಸ್ಯಾನ!" ಇನ್ನೊಬ್ಬ ಬಿಳಿ ಗಾಡಿಯ ಕಡೆ ಕೈ ಮಾಡಿದ. "ದಾದಾನ ಗಾಡ್ಯಾಗ ಬಂದಾನ ನೋಡ್ರಲೇ. ಜೆಸಿಬಿ ಯಾಕ ನಿಂತೈತಿ, ಈಗ ಹತ್ತಿತೇನ್ ಖೂನಾ?" ಆಗ ತಾನೆ ಕಾಲ್ಬೆರಳು ಎಣಿಸುತ್ತಿದ್ದವರ ಕೈಯಲ್ಲಿ ಫೋನುಗಳು ಎದ್ದವು. ಸುಳ್ಳು ಸಾಹೇಬನೆಂದು ಖಾತ್ರಿಯಾದ ಮೇಲೆ ಎಲ್ಲರೂ ಶೂರರೇ.

ವಿಕ್ರಾಂತ ಇಳಿದು ಬಂದ. ಬ್ಯಾನರಿನ ಕೈಮುಗಿದ ಮುಖ ಅದಾಗಿರಲಿಲ್ಲ. "ಪೊಲೀಸರನ್ನ ಕರಸ್ತೀನಿ! ವೇಷಾ ಹಾಕಿ ಮಂದೀಗಿ ಮೋಸಾ ಮಾಡ್ತೀರಿ? ಒಳಗ ಹಾಕಸ್ತೀನಿ!"

ನಾನು ಮಾಸ್ಕ್ ಎಳೆದು ಹಾಕಿದೆ. "ಕರಸ್ರಿ ದಾದಾ, ಈಗ ಕರಸ್ರಿ. ಅರಿವಿ ಯಾರ ಹೊಲಿಸಿ ಕೊಟ್ರು, ಯಾರ ಗಾಡ್ಯಾಗ ಬಂದಿವಿ, ಎಲ್ಲಾ ಹೇಳ್ತೀವಿ. ಹಂಗ ಬರೂ ಮುಂದ ಟೇಪ ತರಾಕ ಹೇಳ್ರಿ, ನಿಮ್ಮ ಕಮಾನೂ ಅಳದು ಹೋಗಲಿ."

ಡ್ರೈವರುಗಳು ಸಿಳ್ಳೆ ಹೊಡೆದರು. ಅವನು ಎಲ್ಲರ ಫೋನುಗಳನ್ನೂ ನೋಡಿದ, ಕ್ಯಾಮರಾ ಅಂದರೆ ರೂಢಿಯಿಂದ ಒಮ್ಮೆ ಕೂದಲು ಸರಿ ಮಾಡಿಕೊಂಡ, ಆಮೇಲೆ ಗಾಡಿ ಹತ್ತಿ ಹೋದ. ಜೆಸಿಬಿಯವನು ಯಂತ್ರ ಬಂದ್ ಮಾಡಿ ಇಳಿದು ಬಂದು, ಅವ್ವಾ ಚಹಾ ಐತೇನು ಎಂದು ಕೇಳಿದ. ಹಾಲು ಮಣ್ಣು ಪಾಲಾದದ್ದು ಅವನಿಗೂ ಕಾಣಿಸುತ್ತಿತ್ತು, ಆದರೂ ಕೇಳಿದ. ಅಂಗಡಿ ನಿಂತೇ ಇತ್ತು. ಇವತ್ತಿಗೂ ನಿಂತಿದೆ, ಕಮಾನಿಗೆ ಅಡ್ಡವಾಗಿಯೇ.

ನಗದೇ ಇದ್ದವಳು ಸತ್ತೆವ್ವ ಒಬ್ಬಳು. ವೀರಭದ್ರನ ಫೋಟೋ ತಿರುಗಿ ಗೂಟಕ್ಕೆ ಕಟ್ಟಿದಳು. ಬೋಗೋಣಿ ಎತ್ತಿ ನೋಡಿದಳು, ಅಂಚು ಚಪ್ಪಟೆಯಾಗಿತ್ತು. ನನ್ನ ಗಂಡ ಟೊಪ್ಪಿಗೆ ಚಾಚಿಕೊಂಡು ಹಲ್ಲು ಕಿರಿಯುತ್ತಾ ನಿಂತಿದ್ದ. ಶಬ್ಬಾಸ್ ಅನ್ನಿಸಿಕೊಳ್ಳದೆ ಹೋಗುವವನಲ್ಲ.

"ಯಕ್ಕಾ, ಈ ಸಲಾ ಖೂನ ಸಿಗಲಿಲ್ಲ ಅಲಾ?" ಎಂದ.

"ಇಲ್ಲ ತಮ್ಮಾ," ಎಂದಳು ಸತ್ತೆವ್ವ. "ವರ್ಷಾ ಹೆಂಗ ಹಿಡೀತಿದ್ದೆ ಗೊತ್ತೈತೇನು? ನೀ ಎಷ್ಟ ಒದರಿದ್ರೂ, ಲಾಠಿ ಎಷ್ಟ ಬೀಸಿದ್ರೂ, ಈ ಹಾಲಿನ ಬೋಗೋಣಿಗೆ ಬಡೀಲಾರದಂಗ ಬೀಸ್ತಿದ್ದಿ. ಕಣ್ಣ ನನ್ನ ಮ್ಯಾಲ, ಜೀವ ಹಾಲಿನ ಮ್ಯಾಲ. ಸೀರಿ ಉಟಗೊಂಡು ಬಂದಾಗೂ ಸೆರಗ ಹಿಡದ ನಿಂತಿದ್ದಿ, ಹಾಲಾಗ ಬಿದ್ದೀತು ಅಂತ. ಹಸದ ಮನಿ ಮಗಾ ಹಾಲ ಚೆಲ್ಲೂದಿಲ್ಲ ಅಂತ ನಾ ತಿಳದಿದ್ದೆ. ಇವತ್ತ ಚೆಲ್ಲಿದಿ. ಆಗ ಅನಕೊಂಡೆ, ಈಂವ ನಮ್ಮ ಜ್ಞಾನ್ಯಾ ಅಲ್ಲ, ಯಾವನೋ ಖರೇನ ಹಾಳ ಮಾಡಾಕ ಬಂದಾನ ಅಂತ."

ಅವನ ಹಲ್ಲು ಒಳಗೆ ಹೋದವು. ಟೊಪ್ಪಿಗೆ ಮಾತ್ರ ಚಾಚಿಯೇ ಇತ್ತು. ಖೂನ ಕೊಟ್ಟ ಮೇಲೆ ಏನಾದರೂ ಬೀಳುವ ತನಕ ಹಿಂದಕ್ಕೆ ತೆಗೆಯುವಂತಿಲ್ಲ.

ಸತ್ತೆವ್ವ ಮುಂಜಾನೆಯಿಂದ ಕುದಿಸಿ ಎಸೆಯಲು ಇಟ್ಟಿದ್ದ ಚಹಾಪುಡಿಯ ಚರಟದ ಡಬ್ಬಿ ಎತ್ತಿಕೊಂಡಳು. ಸಾವಕಾಶ, ಒಂದು ಹನಿಯೂ ಹೊರಗೆ ಚೆಲ್ಲದಂತೆ, ಅದನ್ನು ಪೂರಾ ಆ ಹೊಸ ಟೊಪ್ಪಿಗೆಯೊಳಗೆ ಸುರಿದಳು.

ಕರಿ ನೀರು ಟೊಪ್ಪಿಗೆಯ ಅಂಚಿನಿಂದ ಇಸ್ತ್ರಿ ಮಾಡಿದ ತೋಳಿನ ಮೇಲೆ ಇಳಿಯಿತು. ನನ್ನ ಗಂಡ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನೇಮ ನೇಮವೇ.

"ಮನಿ ತಂಪಿರಲಿ," ಎಂದ.

"ಇರತೈತಿ, ಹೋಗು," ಎಂದಳು ಅವಳು. ನನ್ನ ಕಡೆ ತಿರುಗಿ, "ನೀ ಮುಂದಿನ ವರ್ಷ ಬಾರವಾ. ಹುಡುಗೀನ್ನೂ ಕರಕೊಂಡ ಬಾ," ಎಂದಳು. ಅವನ ಹೆಸರೆತ್ತಲಿಲ್ಲ.

ಉಜ್ವಲಾ ಟಂಟಂ ಚಾಲೂ ಮಾಡಿಕೊಂಡೇ ನಿಂತಿದ್ದಳು. ಹತ್ತಿ ಕೂತೆವು. ವಿಕ್ರಾಂತನ ಮಾತಿನಂತೆ ಆ ಭಾಗದ ಊರುಗಳು ನಮಗೆ ಮುಚ್ಚಿದ್ದವು. ಹಾಗಾಗಿ ಯಡೂರಿನ ದಾರಿ ಹಿಡಿದೆವು. ಹೊಳೆಯ ಗಾಳಿ ಬೀಸತೊಡಗಿತು. ಅವನು ಚರಟ ತುಂಬಿದ ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಚೆಲ್ಲಲೂ ಇಲ್ಲ. ಬೋಳಿಸಿದ ತುಟಿಯ ಮೇಲೆ ಬೆರಳಾಡಿಸುತ್ತಿದ್ದ. ಪಶ್ಚಾತ್ತಾಪ ಬಂದಿರಬಹುದು, ಇಷ್ಟು ವರ್ಷಕ್ಕೆ ಒಮ್ಮೆಯಾದರೂ ಮನುಷ್ಯನಾಗಿರಬಹುದು ಎಂದು ನಾನೂ ಹುಚ್ಚಿ, ಸ್ವಲ್ಪ ಕರಗಿದೆ. ನೀರಿನ ಬಾಟಲಿ ಕೊಡಲು ಕೈ ಚಾಚಿದೆ.

"ಏನ ಅನ್ನು ರುಕ್ಮಿ," ಎಂದ. "ಏನ ಆದ್ರೂ ಆಕಿಗೆ ಖೂನ ಸಿಗಲಿಲ್ಲ ನೋಡ."

ನಾನು ಬಾಟಲಿ ಹಿಂದಕ್ಕೆಳೆದುಕೊಂಡೆ.

"ಸಿಕ್ಕೈತಿ," ಎಂದೆ. "ಇವತ್ತ ಸಿಕ್ಕೈತಿ ಆಕಿಗೆ."